ನಾಯಿ ನೋಡಿಕೊಳ್ಳಲಾಗುವುದು

ಸಾಲುರಜೆ ಬಂತೆಂದರೆ ಬೆಂಗಳೂರಿನಲ್ಲಿ ಮೆಜೆಸ್ಟಿಕ್ ತುಂಬುತ್ತದೆ, ಬಡಾವಣೆಗಳು ಖಾಲಿಯಾಗುತ್ತವೆ, ಬಸವೇಶ್ವರನಗರದ ನಮ್ಮ ಮನೆ ಗೇಟಿನ ಮುಂದೆ ಕಾರುಗಳು ಬಂದು ನಿಲ್ಲುತ್ತವೆ. ಮೊದಲು ಇಳಿಯುವುದು ಹಾಸಿಗೆ. ಆಮೇಲೆ ಊಟದ ಬಟ್ಟಲು, ಮಾತ್ರೆ ಡಬ್ಬಿ, ಅಗಿದು ಅಗಿದು ಆಕಾರ ಕಳೆದುಕೊಂಡ ರಬ್ಬರ್ ಕೋಳಿ. ಎಲ್ಲಕ್ಕಿಂತ ಕೊನೆಗೆ, ಇಳಿಯಲೊಲ್ಲದ ನಾಯಿ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ನನ್ನ ಹೆಂಡತಿ ನಿವೃತ್ತಿಯಾದ ಮೇಲೆ ಹಿಡಿದ ಕಸುಬು ಇದು: ಊರಿಗೆ ಹೋಗುವವರ ನಾಯಿಗಳನ್ನು ದುಡ್ಡಿಗೆ ನೋಡಿಕೊಳ್ಳುವುದು. ಬೀದಿಯಲ್ಲಿ ಟೀಚರಮ್ಮ ಆಗಿದ್ದವಳು ಈಗ ನಾಯಿ ಆಂಟಿ. ನಾನು ನಾಯಿ ಅಂಕಲ್, ಸಂಬಳವಿಲ್ಲ.

ನಮ್ಮ ಕಾಲದ ಹಳ್ಳಿ ನಾಯಿಗೆ ಈ ಏರ್ಪಾಡು ಬೇಕಿರಲಿಲ್ಲ. ಯಜಮಾನ ಜಾತ್ರೆಗೆ ಹೋದರೆ ಕರಿಯ ಮೂರು ಮನೆ ಸುತ್ತಿ ಹೊಟ್ಟೆ ತುಂಬಿಸಿಕೊಂಡು ಯಾರದೋ ಜಗಲಿಯ ಮೇಲೆ ಮಲಗುತ್ತಿತ್ತು. ಈಗಿನ ಸಿಂಬಾ, ಬ್ರೂನೊ, ಕೋಕೊಗಳಿಗೆ ಇರುವುದು ಒಂದೇ ಮನೆ, ಅದೂ ಏಳನೇ ಮಹಡಿಯಲ್ಲಿ. ಗಂಡಹೆಂಡಿರಿಬ್ಬರಿಗೂ ನೌಕರಿ, ಅಪ್ಪ ಅಮ್ಮ ಧಾರವಾಡದಲ್ಲೋ ಶಿವಮೊಗ್ಗದಲ್ಲೋ. ಕರೆದುಕೊಂಡು ಹೋಗೋಣವೆಂದರೆ ರೈಲಿನಲ್ಲಿ ಮೊದಲ ದರ್ಜೆಯ ಕೂಪೆಯನ್ನೋ ಕ್ಯಾಬಿನ್ನನ್ನೋ ಪೂರ್ತಿ ಕಾದಿರಿಸಬೇಕು. ಇಲ್ಲವಾದರೆ ಗಾರ್ಡ್ ಬೋಗಿಯ ಪೆಟ್ಟಿಗೆಯಲ್ಲಿ ನಾಯಿ ಒಂಟಿಯಾಗಿ ಕೂರಬೇಕು. ನಾಯಿಯೊಂದಿಗಿನ ಪ್ರಯಾಣ ಧರ್ಮರಾಯನ ಕಾಲದಿಂದಲೂ ಕಷ್ಟದ್ದೇ. ಅವನನ್ನು ತಡೆದದ್ದು ಸ್ವರ್ಗದ ಬಾಗಿಲಲ್ಲಿ, ಇವರನ್ನು ತಡೆಯುವುದು ಟಿಕೆಟ್ ಕೌಂಟರಿನಲ್ಲಿ.

ಶುರುವಿನಲ್ಲಿ ನನ್ನ ತಕರಾರು ಇದ್ದದ್ದು ದುಡ್ಡಿನ ಬಗ್ಗೆ. ಪಕ್ಕದ ಮನೆಯವರ ನಾಯಿಗೆ ನಾಲ್ಕು ದಿನ ಅನ್ನ ಹಾಕಿ ಹಣ ಇಸಿದುಕೊಳ್ಳುವುದೆಂದರೆ ಮರ್ಯಾದೆಯ ಪ್ರಶ್ನೆ ಅಲ್ಲವೇ? ಅವಳು ಲೆಕ್ಕದ ಟೀಚರ್. "ಬಿಟ್ಟಿ ನೋಡ್ಕೊಂಡ್ರೆ ಅವರು ಏನೂ ಕೇಳೋ ಹಾಗಿಲ್ಲ ರೀ. ಊಟ ಹಾಕಿದ್ರಾ ಅಂತ ಕೇಳಿದ್ರೆ ನಮಗೆ ಬೇಜಾರಾಗುತ್ತೆ ಅಂತ ಸುಮ್ನಿರ್ತಾರೆ. ದುಡ್ಡು ಕೊಟ್ಟೋರು ಕೇಳ್ತಾರೆ, ನಾನು ಹೇಳ್ತೀನಿ. ನಾಯಿಗೆ ಅದೇ ಕ್ಷೇಮ" ಅಂದಳು. ಉಪಕಾರ ಮಾಡುವವನು ಮದುವೆ ಮನೆಗೆ ಹೋಗಿ ತಡವಾಗಿ ಬರಬಹುದು. ನಾಯಿ ಉಚ್ಚೆ ಕಟ್ಟಿಕೊಂಡು ಬಾಗಿಲ ಬಳಿ ಕಾಯುತ್ತಿರುತ್ತದೆ. ಕೂಲಿ ಪಡೆದವಳು ಬೆಳಿಗ್ಗೆ ಆರಕ್ಕೆ ಮಳೆಯಿದ್ದರೂ ಕೊಡೆ ಹಿಡಿದು ಹೊರಡಲೇಬೇಕು.

ಈ ಮಾತಿಗೆ ಕನ್ನಡದಲ್ಲೇ ಸಾವಿರ ವರ್ಷದ ಹಿಂದಿನ ಆಧಾರವಿದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದರೆ ಆತಕೂರಿನ ಕಲ್ಲು ನೋಡಬಹುದು. ಮಂಡ್ಯ ಜಿಲ್ಲೆಯಿಂದ ಬಂದದ್ದು, ಹತ್ತನೆಯ ಶತಮಾನದ್ದು. ತಕ್ಕೋಲದಲ್ಲಿ ಚೋಳರ ಮೇಲೆ ನಡೆದ ಯುದ್ಧದಲ್ಲಿ ಗಂಗರ ಬೂತುಗನ ಕಡೆಯ ಮಣಲೇರ ಚೆನ್ನಾಗಿ ಕಾದಿದ. ಒಡೆಯ ಮೆಚ್ಚಿ ಏನು ಬೇಕು ಕೇಳು ಅಂದಾಗ ಅವನು ಊರನ್ನೂ ಕೇಳಲಿಲ್ಲ, ಹೊನ್ನನ್ನೂ ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿ ಕೇಳಿದ. ಆ ಕಾಳಿ ಮುಂದೆ ಕಾಡುಹಂದಿಯ ಜೊತೆ ಹೋರಾಡಿ, ಹಂದಿಯೂ ತಾನೂ ಸತ್ತವು. ನಾಯಿ ಹಂದಿಗಳ ಕಾದಾಟವನ್ನು ಕೆತ್ತಿಸಿ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದರು. ನನಗೆ ಇಷ್ಟವಾದದ್ದು ಅದರ ಮುಂದಿನ ಭಾಗ. ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟರು. ಆ ಭೂಮಿ ನೋಡಿಕೊಳ್ಳುವ ಗೊರವ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟಲಿ ಎಂದೂ ಬರೆಸಿದರು. ಕಾಳಿಯ ಮೇಲೆ ಮಣಲೇರನಿಗಿದ್ದ ಪ್ರೀತಿ ಗೊರವನಿಗೆ ಎಲ್ಲಿಂದ ಬರಬೇಕು? ಹೊಲ ಕೊಟ್ಟರು, ಷರತ್ತು ಹಾಕಿದರು. ನನ್ನ ಹೆಂಡತಿ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳುವುದೂ ಅದನ್ನೇ, ಶಾಪವೊಂದು ಬಿಟ್ಟು.

ಆ ಪುಸ್ತಕದಲ್ಲಿ ಏನೇನಿದೆ ಎಂದು ಕೇಳಿದರೆ ಈ ಕಸುಬು ಅರ್ಧ ತಿಳಿದ ಹಾಗೆ. ರೇಬೀಸ್ ಲಸಿಕೆ ಯಾವತ್ತು ಆಯಿತು, ಪಾರ್ವೊ, ಕೆಮ್ಮಿನ ಲಸಿಕೆ ಆಗಿದೆಯೇ. ಪಾರ್ವೊ ವೈರಸ್ ಒಮ್ಮೆ ಅಂಗಳದ ಮಣ್ಣಿಗೆ ಬಿದ್ದರೆ ತಿಂಗಳುಗಟ್ಟಲೆ ಸಾಯದು, ಹಾಗಾಗಿ ಕಾರ್ಡ್ ತೋರಿಸದವರಿಗೆ ಗೇಟ್ ತೆರೆಯುವುದಿಲ್ಲ. ಉಣ್ಣೆ ಹತ್ತದಂತೆ ಔಷಧಿ ಹಾಕಿದ್ದಾರೆಯೇ. ಉಣ್ಣೆಯಿಂದ ಬರುವ ಜ್ವರ ನಮ್ಮ ಕಡೆ ನಾಯಿಗಳನ್ನು ಹಿಂಡಿಬಿಡುತ್ತದೆ. ಯಾವ ಡಾಕ್ಟರು, ಎಷ್ಟರವರೆಗೆ ಖರ್ಚು ಮಾಡಬಹುದು, ಮಾಲೀಕರ ಫೋನ್ ಸಿಗದಿದ್ದರೆ ತೀರ್ಮಾನ ಯಾರದು. ಕೊನೆಯ ಪ್ರಶ್ನೆ: ಕಚ್ಚುತ್ತದೆಯೇ? ಇದಕ್ಕೆ ನೇರ ಉತ್ತರ ಕೊಟ್ಟವರನ್ನು ನಾನು ಕಂಡಿಲ್ಲ. "ಕಚ್ಚಲ್ಲ ಆಂಟಿ, ಸುಮ್ನೆ ಬಾಯಿ ಹಾಕುತ್ತೆ" ಅನ್ನುತ್ತಾರೆ. ಬಾಯಿ ಹಾಕಿದ ಜಾಗವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಡಾಕ್ಟರ ಹತ್ತಿರ ಓಡಬೇಕಾದವರು ಮಾತ್ರ ನಾವು.

ಅಡುಗೆಮನೆಯೂ ಬದಲಾಯಿತು. ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ, ದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತದೆ. ಅಂದಮೇಲೆ ಹಬ್ಬದ ಪಾಯಸ, ಹುಳಿ, ಮಡಿಲಲ್ಲಿಟ್ಟುಕೊಂಡು ತಿನ್ನಿಸುವ ಚಾಕಲೇಟು, ಎಲ್ಲವೂ ವರ್ಜ್ಯ. ನಮ್ಮ ಮನೆಗೆ ಬರುವ ನೆಂಟರಿಗೆ ಇದು ಅರ್ಥವಾಗುವುದಿಲ್ಲ. ಎಲೆಯಲ್ಲಿ ಮಿಕ್ಕಿದ್ದನ್ನು ನಾಯಿಗೆ ಹಾಕುವುದು ಪುಣ್ಯವೆಂದೇ ಅವರು ಬೆಳೆದವರು. ನನ್ನ ಭಾವಮೈದುನನ ಕೈಯಿಂದ ವಡೆ ಕಿತ್ತುಕೊಂಡದ್ದಕ್ಕೆ ಅವನಿಗೆ ಇನ್ನೂ ಸಿಟ್ಟಿದೆ.

ಬೆಕ್ಕಿನ ವಿಷಯ ಬೇರೆ. ನಾಯಿಗೆ ಜನ ಬೇಕು, ಬೆಕ್ಕಿಗೆ ಜಾಗ ಬೇಕು. ಹೊಸ ಮನೆಗೆ ತಂದರೆ ಅದು ಬೀರುವಿನ ಹಿಂದೆ ಸೇರಿ ಊಟ ಬಿಡುತ್ತದೆ, ಎರಡು ಮೂರು ದಿನ ಉಪವಾಸ ಬಿದ್ದರೆ ಅದರ ಯಕೃತ್ತೇ ಕೆಡಬಹುದು. ಆದ್ದರಿಂದ ಬೆಕ್ಕಿನವರು ಬೀಗದ ಕೈ ಕೊಟ್ಟುಹೋಗುತ್ತಾರೆ, ನಾವೇ ಅವರ ಮನೆಗೆ ಹೋಗಿ ಬರುತ್ತೇವೆ. ಒಮ್ಮೆ ಒಬ್ಬರು ಪಂಜರದಲ್ಲಿ ಹಸಿರು ಗಿಳಿ ತಂದರು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ನಮ್ಮ ನಾಡಿನ ಗಿಳಿಯನ್ನಾಗಲಿ ನಕ್ಷತ್ರ ಆಮೆಯನ್ನಾಗಲಿ ಮನೆಯಲ್ಲಿ ಸಾಕುವುದೇ ಅಪರಾಧ. ಹೆಂಡತಿ ಅವರಿಗೆ ಕಾಫಿ ಕೊಟ್ಟು, ಕಾಯ್ದೆ ವಿವರಿಸಿ, ಪಂಜರದ ಸಮೇತ ಕಳಿಸಿದಳು.

ಮಾಲೀಕರನ್ನು ಸಂಭಾಳಿಸುವುದಕ್ಕೆ ಹೋಲಿಸಿದರೆ ನಾಯಿಗಳದ್ದು ಸುಲಭ. ಗೋಕರ್ಣದ ಕಡಲ ದಂಡೆಯಿಂದ ಸಂಜೆ ವಿಡಿಯೊ ಕಾಲ್ ಬರುತ್ತದೆ. "ಮಮ್ಮಿ ನೋಡು ಬಂಗಾರಿ" ಎಂಬ ದನಿ ಕೇಳಿದ ನಾಯಿ ಫೋನಿನ ಹಿಂದೆ ಹುಡುಕುತ್ತದೆ, ಗೇಟಿಗೆ ಓಡುತ್ತದೆ, ಆ ರಾತ್ರಿ ಊಟ ಮುಟ್ಟುವುದಿಲ್ಲ. ಹಾಗಾಗಿ ಈಗ ಫೋಟೊ ಮಾತ್ರ, ದನಿಗೆ ಅವಕಾಶವಿಲ್ಲ. ಕೆಲವರು ಮುನಿಸಿಕೊಂಡರು. ವಾಪಸು ಬಂದಾಗ ತಮ್ಮ ನಾಯಿ ಸೊರಗಿ ಕಾದಿರಬೇಕು ಎಂಬ ಆಸೆ ಅವರದು; ಅದು ಮೈತುಂಬಿಕೊಂಡು ನಮ್ಮ ಸೋಫಾದ ಕೆಳಗೆ ನಿದ್ದೆ ಹೊಡೆಯುತ್ತಿದ್ದರೆ ಬಾಕಿ ಹಣ ಕೊಡುವಾಗ ಮುಖ ಸಣ್ಣದಾಗುತ್ತದೆ.

ದೀಪಾವಳಿಯ ಮೂರು ದಿನ ಈ ಕಸುಬಿನ ಪರೀಕ್ಷೆ. ನಮಗೆ ಕೇಳಿಸದ ಎತ್ತರದ ಸದ್ದೂ ನಾಯಿಗೆ ಕೇಳಿಸುತ್ತದೆ, ಪಟಾಕಿ ಅದಕ್ಕೆ ಪ್ರಳಯ. ಹೆದರಿ ಓಡಿ ಕಳೆದುಹೋಗುವ ನಾಯಿಗಳು ಆ ವಾರದಲ್ಲೇ ಹೆಚ್ಚು. ಸಂಜೆಗೆ ಮುಂಚೆ ಸುತ್ತಾಡಿಸಿ, ಒಳಕೋಣೆಯ ಕಿಟಕಿ ಮುಚ್ಚಿ, ಫ್ಯಾನು ಟೀವಿ ಎರಡನ್ನೂ ಜೋರು ಮಾಡಿ ನಾವಿಬ್ಬರೂ ನೆಲದ ಮೇಲೆ ಕೂರುತ್ತೇವೆ. ಆಚೆ ಗೇಟಿಗೆ ಬೀಗ, ಈಚೆ ಬಾಗಿಲಿಗೆ ಚಿಲಕ. ಹಬ್ಬಕ್ಕೆ ಮಗಳ ಮನೆಗೆ ಹೋಗುವುದು ತಪ್ಪಿತು. ದರವೂ ಆ ದಿನಗಳಲ್ಲಿ ಒಂದೂವರೆ ಪಟ್ಟು; ಅದನ್ನು ಕೇಳಲು ನನಗೆ ಈಗ ಸಂಕೋಚವಿಲ್ಲ.

ನೀವೂ ನಾಯಿ ಸಾಕಿದ್ದು, ಈ ಸಲ ಊರಿಗೆ ಹೊರಟಿದ್ದರೆ, ಹಿಂದಿನ ರಾತ್ರಿ ಫೋನ್ ಮಾಡಬೇಡಿ. ತಿಂಗಳು ಮುಂಚೆ ಒಂದು ಭಾನುವಾರ ಕರೆತಂದು ಅರ್ಧ ದಿನ ಬಿಟ್ಟುಹೋಗಿ. ಅದಕ್ಕೆ ನಮ್ಮ ವಾಸನೆ ಗೊತ್ತಾಗಲಿ. ಅದು ತಿನ್ನುವ ಊಟವನ್ನೇ ಕಟ್ಟಿಕೊಡಿ, ನೀವು ಉಟ್ಟು ಬಿಟ್ಟ ಒಂದು ಹಳೆಯ ಬಟ್ಟೆ ಕೊಡಿ, ಲಸಿಕೆ ಕಾರ್ಡ್ ಮರೆಯಬೇಡಿ. ಕಚ್ಚುವ ನಾಯಿಯಾದರೆ ಕಚ್ಚುತ್ತದೆ ಎಂದೇ ಹೇಳಿ. ಬೇಡ ಅನ್ನುವುದಿಲ್ಲ, ಬೇರೆ ಕೋಣೆ ಇದೆ.