ಎರಡನೆಯ ಲೈನಿನ ಸದ್ದು

ಮೊನ್ನೆ ಚರಂಡಿ ಅಗೆಯುತ್ತಿದ್ದ ಜೆಸಿಬಿ, ನಾನು ನೆಟ್‌ವರ್ಕ್ ನೋಡಿಕೊಳ್ಳುವ ಹುಬ್ಬಳ್ಳಿಯ ಸಗಟು ಔಷಧ ಅಂಗಡಿಯ ಫೈಬರನ್ನು ಕಿತ್ತುಹಾಕಿತು. ಫೋನಿಗೆ ಬಂದ ಸಂದೇಶ ನೋಡಿ ಓಡಿದೆ. ಅಲ್ಲಿ ನೋಡಿದರೆ ಇ-ವೇ ಬಿಲ್‌ಗಳು ಒಂದರ ಹಿಂದೊಂದು ಪ್ರಿಂಟಾಗುತ್ತಿದ್ದವು, ಗಾಡಿಗಳು ಹೊರಡುತ್ತಿದ್ದವು. ಎರಡನೆಯ ಲೈನಾದ 4ಜಿ ಹೆಗಲು ಕೊಟ್ಟದ್ದು ಯಾರ ಗಮನಕ್ಕೂ ಬಂದಿರಲಿಲ್ಲ. "ಯಾಕ್ರಿ ಸರ, ಇವತ್ತ ಬಂದೀರಲ್ಲ?" ಎಂದರು ಮಾಲೀಕರು. ನನ್ನ ಕಸುಬಿನಲ್ಲಿ ಇದಕ್ಕಿಂತ ಸವಿಯಾದ ಪ್ರಶ್ನೆಯಿಲ್ಲ.

ಹೋದ ವರ್ಷ ಫೈಬರ್ ಹೋದಾಗ ಇದೇ ಅಂಗಡಿ ಅರ್ಧ ದಿನ ನಿಂತಿತ್ತು. 4ಜಿ ರೂಟರಿನ ದೀಪ ಹಸಿರಾಗಿಯೇ ಇತ್ತು. ಒಳಗಿನ ಸಿಮ್ಮಿನ 28 ದಿನದ ರೀಚಾರ್ಜ್ ಎಂದೋ ಮುಗಿದಿತ್ತು. ಆಗ ಲೈನ್ ಹಾಕಿಕೊಟ್ಟವರು "ಪಿಂಗ್ ಬರಾಕತ್ತೇತಲ್ರಿ" ಎಂದರು. ಬರುತ್ತದೆ, ಮೂರು ಅಡಿ ದೂರದ ರೂಟರಿನಿಂದ! ಹೊಸ್ತಿಲ ಮೇಲೆ ನಿಂತು ಊರಿನ ರಸ್ತೆಗಳೆಲ್ಲ ಸರಿಯಿವೆ ಎಂದರೆ ಯಾರು ಒಪ್ಪುತ್ತಾರೆ?

ಪಿಂಗ್ ಹೊರಗಿನ ಲೋಕ ಮುಟ್ಟಿ ಬರಬೇಕು, ಅದೂ ತನ್ನ ಲೈನಿನಲ್ಲೇ. ಹೊರಗಿನ ಎರಡು ವಿಳಾಸಗಳಲ್ಲಿ 1.1.1.1ಕ್ಕೆ ಹೋಗುವ ದಾರಿಯನ್ನು ಫೈಬರಿಗೂ 8.8.8.8ರದ್ದನ್ನು 4ಜಿಗೂ ಕಟ್ಟಿಹಾಕುತ್ತೇನೆ. ಇಷ್ಟನ್ನು ಹಲವರು ಮಾಡುತ್ತಾರೆ. ಆದರೆ 4ಜಿ ಇಂಟರ್‌ಫೇಸ್ ಬಿದ್ದೊಡನೆ ಆ ದಾರಿ ಅಳಿಸಿಹೋಗಿ, ಪಿಂಗ್ ಮೆಲ್ಲಗೆ ಫೈಬರಿಗೆ ಜಾರುತ್ತದೆ. ಸತ್ತ ಲೈನ್ ಬದುಕಿದೆಯೆಂದು ವರದಿ ಬರುತ್ತದೆ. ಅದಕ್ಕೇ ಆ ದಾರಿಯ ಕೆಳಗೆ, ಪಿಂಗನ್ನು ಅಲ್ಲೇ ನುಂಗಿಬಿಡುವ ಒಂದು ಬ್ಲ್ಯಾಕ್‌ಹೋಲ್ ರೂಟ್ ಹಾಕಬೇಕು. ಆ ವಿಳಾಸಗಳನ್ನು ಅಂಗಡಿಯ ಡಿಎನ್‌ಎಸ್‌ಗೆ ಕೊಡಲೂಬಾರದು. ಎರಡು ಸಾಲಿನ ಕೆಲಸ. ಇದನ್ನು ಬಿಟ್ಟು ಹಣ ಎಣಿಸಿಕೊಂಡು ಹೋಗುವವರನ್ನು ಕಂಡರೆ ನನಗೆ ಮೈಯುರಿಯುತ್ತದೆ. ಎರಡು ಕಂಪನಿಗಳ ಫೈಬರನ್ನು ಒಂದೇ ಕರೆಂಟ್ ಕಂಬಕ್ಕೆ ನೇತುಹಾಕಿ "ಎರಡು ಲೈನ್" ಎನ್ನುವವರೂ ಇದ್ದಾರೆ. ಕಂಬ ಬಿದ್ದರೆ ಎರಡೂ ಹೋದವು.

1983ರ ಡಿಸೆಂಬರಿನಲ್ಲಿ ಅಮೆರಿಕದ ಸೇನೆಯ ಸಂಶೋಧನಾಲಯದಲ್ಲಿದ್ದ ಮೈಕ್ ಮೂಸ್ ಈ ಪಿಂಗ್ ಪ್ರೋಗ್ರಾಂ ಬರೆದರು; ಹೆಸರು ಬಂದದ್ದು ಸೋನಾರಿನ ಸದ್ದಿನಿಂದ. ಕೂಗು ಹಾಕಿ ಮರುದನಿಗೆ ಕಾಯುವುದು ಅದರ ಕೆಲಸ. ನನಗೆ ಮಾತ್ರ ಅದಕ್ಕಿಂತ ಹತ್ತಿರದವನು ಬಾಲ್ಯದಲ್ಲಿ ನಮ್ಮ ಓಣಿಗೆ ಬರುತ್ತಿದ್ದ ಗೂರ್ಖಾ. ನಡುರಾತ್ರಿ ಅವನ ಸೀಟಿ ಕೇಳಿದರೆ ಅಪ್ಪ ಮಗ್ಗುಲು ಬದಲಿಸಿ ಮಲಗುತ್ತಿದ್ದರು. ಸೀಟಿ ಕೇಳದ ರಾತ್ರಿ ಎದ್ದು ಕುಳಿತು ಕಿಟಕಿಯಿಂದ ಓಣಿ ನೋಡುತ್ತಿದ್ದರು.

ನಿಗಾ ಇಡುವ ಬಗೆಯನ್ನು ನಾನು ಕಲಿತದ್ದು ಅಲ್ಲಿಂದ. ಎರಡೂ ಲೈನ್ ಹೋದ ಮೇಲೆ "ಹೋದವು" ಎಂದು ತಿಳಿಸಲು ಅಂಗಡಿಯೊಳಗಿನ ಯಂತ್ರಕ್ಕೆ ದಾರಿಯೆಲ್ಲಿದೆ? ಆದ್ದರಿಂದ ಪ್ರತಿ ಲೈನೂ ನಿಮಿಷಕ್ಕೊಮ್ಮೆ ಹೊರಗಿನ ಸರ್ವರ್ ಒಂದಕ್ಕೆ "ಇದ್ದೇನೆ" ಎನ್ನುತ್ತದೆ. ಸತತ ಮೂರು ಸಲ ಆ ಮಾತು ಬಾರದಿದ್ದರೆ ಸರ್ವರ್ ನನ್ನನ್ನು ಎಬ್ಬಿಸುತ್ತದೆ. 4ಜಿ ಭಾರ ಹೊರುತ್ತದೆಯೇ ಎಂದು ನೋಡಲು ಪ್ರತಿ ಶನಿವಾರ, ವ್ಯಾಪಾರ ನಡೆಯುವಾಗಲೇ, ಅರ್ಧ ಗಂಟೆ ಫೈಬರನ್ನು ಕೈಯಾರೆ ಕೀಳುತ್ತೇನೆ. ಮೊದಮೊದಲು ಮಾಲೀಕರು ಗಾಬರಿಯಾಗುತ್ತಿದ್ದರು. ಈಗ ನಾನು ಮರೆತರೆ ಅವರೇ ಫೋನ್ ಮಾಡುತ್ತಾರೆ.