ಮೂರು ಕಾಲಿನ ಮೇಲೂ ಬದುಕಿದೆ

ಕಾಲು ಹೋದ ಕಾಡುಪ್ರಾಣಿಯ ಕಥೆ ಅಲ್ಲಿಗೇ ಮುಗಿಯಿತೆಂದು ನಾವೆಲ್ಲ ತಿಳಿಯುತ್ತೇವೆ. ಹಾಗೇನೂ ಇಲ್ಲ, ಸೋದರಿಯರೇ. ಬೆಂಗಳೂರಿನ ಹತ್ತಿರ ಬನ್ನೇರುಘಟ್ಟದ ಕರಡಿ ರಕ್ಷಣಾ ಕೇಂದ್ರದಲ್ಲಿ ವಸೀಕರನ್ ಎಂಬ ಕರಡಿಯಿದೆ. ಕಳ್ಳಬೇಟೆಯವರ ಉರುಳಿಗೆ ಸಿಕ್ಕಿ ಅದರ ಹಿಂಗಾಲೊಂದು ಹೋಯಿತು. 2025ರಲ್ಲಿ ಅಮೆರಿಕದ ಡೆರಿಕ್ ಕಂಪಾನಾ ಎಂಬವರು ಬಂದು ಅದಕ್ಕೆ ಕೃತಕ ಕಾಲು ತೊಡಿಸಿದರು! ಥಾಯ್ಲೆಂಡಿನ ಮೋಷಾ ಎಂಬ ಆನೆ 2006ರಲ್ಲಿ ನೆಲಬಾಂಬು ತುಳಿದಾಗ ಇನ್ನೂ ಏಳು ತಿಂಗಳ ಮರಿ. ಮೈ ಬೆಳೆದಂತೆಲ್ಲ ಅದಕ್ಕೆ ಹೊಸ ಹೊಸ ಕೃತಕ ಕಾಲು ಮಾಡಿಕೊಡಬೇಕಾಯಿತು.

ಮಸ್ಕಿಯಲ್ಲಿರುವ ನಮ್ಮ ಅತ್ತೆಯವರಿಗೆ ಸಕ್ಕರೆ ಕಾಯಿಲೆಯಿಂದ ಮೊಣಕಾಲ ಕೆಳಗೆ ತೆಗೆಸಿದ್ದಾರೆ. ಮೂರು ತಿಂಗಳು ಪಡಸಾಲೆಗೂ ಬಂದವರಲ್ಲ. ಕರಡಿಯ ಸುದ್ದಿ ಓದಿ ಹೇಳಿದೆ. "ಕರಡಿಗೂ ಕಾಲು ಹಚ್ಚತಾರೇನವ್ವಾ?" ಎಂದು ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಕ್ಕ ನಾಕು ಮಂದಿ ಏನಂತಾರ ಅನ್ನೋ ಚಿಂತಿ ಇಲ್ಲ ನೋಡು. ಅದಕ್ಕ ಎದ್ದು ನಿಂತದ" ಎಂದರು. ಮರುವಾರ ಊರುಗೋಲು ಕೇಳಿದರು.

ಉರುಳು ಎಳೆದಷ್ಟೂ ಬಿಗಿಯುತ್ತದೆ. ರಕ್ತದ ಓಡಾಟ ನಿಂತು ಕಾಲು ಕೊಳೆಯುತ್ತದೆ. ನಂಜು ಮೈಗೇರುವ ಮೊದಲು ಕತ್ತರಿಸದೆ ವೈದ್ಯರಿಗೆ ಬೇರೆ ದಾರಿಯಿಲ್ಲ. ಆಮೇಲಿನ ಆರೈಕೆಯೇ ಕಷ್ಟ. ಕಾಡಿನಿಂದ ಬಂದ ಪ್ರಾಣಿ ಕಟ್ಟನ್ನು ಕಚ್ಚಿ ಹರಿಯುತ್ತದೆ, ಗಾಯ ನೆಕ್ಕುತ್ತದೆ. ಹತ್ತಿರ ಹೋಗಲು ಮಂಪರಿನ ಮದ್ದು ಬೇಕು. ಗಾಯ ಮಾಗಿದರೆ ಮೂರು ಕಾಲಿನಲ್ಲಿ ನಡೆಯುವುದನ್ನು ಬೇಗ ಕಲಿಯುತ್ತದೆ. ಆದರೆ ಭಾರವೆಲ್ಲ ಉಳಿದ ಕಾಲುಗಳ ಮೇಲೆ ಬಿದ್ದು ಕೀಲು ಸವೆಯುತ್ತವೆ. ಕರಡಿ ಮರ ಹತ್ತಬೇಕು, ಹುತ್ತ ಕೆದರಿ ಗೆದ್ದಲು ತಿನ್ನಬೇಕು. ಆದ್ದರಿಂದಲೇ ಇಂಥ ಎಷ್ಟೋ ಪ್ರಾಣಿಗಳು ಮತ್ತೆ ಕಾಡಿಗೆ ಹೋಗದೆ ಕೇಂದ್ರದಲ್ಲೇ ಉಳಿಯುತ್ತವೆ.

ಸಿಂಧನೂರಿನ ಗದ್ದೆಯಿರಲಿ, ಲಿಂಗಸುಗೂರಿನ ಶೇಂಗಾ ಹೊಲವಿರಲಿ, ಬೆಳೆ ಹಾಳಾದರೆ ಹೊಟ್ಟೆ ಉರಿಯುವುದು ಸಹಜ. ಆದರೆ ಹಂದಿಗೆಂದು ಕಟ್ಟಿದ ಬೈಕಿನ ಕ್ಲಚ್ ತಂತಿಗೆ ಇದು ಹಂದಿ, ಇದು ಕರಡಿ ಎಂಬ ಭೇದ ಗೊತ್ತೇ? ದಾರಿ ತಪ್ಪಿದ ನಮ್ಮದೇ ಆಕಳೂ ಸಿಕ್ಕೀತು. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಉರುಳು ಹಾಕುವುದು ಅಪರಾಧ ಕೂಡ.

1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರೇ ಸಿಕ್ಕಿತು. ಅದೇ ಅರಸ ಗಿರ್ನಾರ್ ಶಾಸನದಲ್ಲಿ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದಾಗಿ ಹೇಳಿಕೊಂಡಿದ್ದಾನೆ. ಅವನ ಹೆಸರು ಹೊತ್ತ ಊರಿನವರು ನಾವು.

ಉರುಳಿಗೆ ಸಿಕ್ಕ ಪ್ರಾಣಿ ಕಂಡರೆ ಹತ್ತಿರ ಹೋಗಬೇಡಿ, ತಂತಿ ಎಳೆಯಬೇಡಿ, ಜನ ಸೇರಿಸಬೇಡಿ. ಅರಣ್ಯ ಇಲಾಖೆಗೆ ಕೂಡಲೇ ತಿಳಿಸಿ. ಹೊಲದಲ್ಲಿ ಉರುಳಿದ್ದರೆ ಮನೆಯ ಗಂಡಸರಿಗೆ ಹೇಳಿ ಇಂದೇ ಬಿಚ್ಚಿಸಿ. ತಂತಿ ಬಿಚ್ಚಲು ಒಂದು ಗಳಿಗೆ ಸಾಕು; ಹೋದ ಕಾಲು ಮತ್ತೆ ಚಿಗುರುವುದಿಲ್ಲ.