ಮೂರು ಹುರಿಯ ಹಗ್ಗ



ಹಾಯಿಹಡಗಿನ ಚಿತ್ರವನ್ನು ನೀವೆಲ್ಲರೂ ಒಂದಲ್ಲ ಒಂದು ಕಡೆ ನೋಡಿಯೇ ಇರುತ್ತೀರಿ. ದಿನದರ್ಶಿಕೆಯ ಮೇಲೋ, ಶುಭಾಶಯ ಪತ್ರದ ಮೇಲೋ, ಮಕ್ಕಳ ಪಾಠಪುಸ್ತಕದಲ್ಲೋ ಅದು ಇದ್ದೇ ಇರುತ್ತದೆ. ನೋಡುವವರ ಕಣ್ಣು ಮೊದಲು ಗಾಳಿ ತುಂಬಿದ ಬಿಳಿಯ ಹಾಯಿಗಳ ಮೇಲೆ ನಿಲ್ಲುತ್ತದೆ; ಬಳಿಕ ಎತ್ತರದ ಹಾಯಿಕಂಬಗಳ ಮೇಲೆ ಹರಿಯುತ್ತದೆ. ಹಗ್ಗಗಳನ್ನು ಮಾತ್ರ ಯಾರೂ ವಿಶೇಷವಾಗಿ ಗಮನಿಸುವುದಿಲ್ಲ. ಚಿತ್ರಗಾರನೂ ಅನೇಕ ವೇಳೆ ನಾಲ್ಕು ಗೆರೆ ಎಳೆದು ಮುಗಿಸಿಬಿಡುತ್ತಾನೆ. ಆದರೆ ಆ ಹಗ್ಗಗಳಿಲ್ಲದಿದ್ದರೆ ಕಂಬವು ಮೊದಲ ಬಿರುಗಾಳಿಗೇ ಉರುಳುತ್ತದೆ. ಹಾಯಿ ಮೇಲೇರುವುದಿಲ್ಲ, ಏರಿದರೂ ಗಾಳಿಗೆ ತಕ್ಕಂತೆ ತಿರುಗುವುದಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಮಾದರಿ ಹಡಗಿಗೆ ಹಗ್ಗ ಕಟ್ಟುವ ಕೆಲಸ ನನ್ನ ಪಾಲಿಗೆ ಬಂದಿತು. ಅದರಿಂದ ತಿಳಿದುಕೊಂಡ ಸಂಗತಿಗಳನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆಂಬುದೇ ಈ ಬರಹದ ಉದ್ದೇಶ.

ಧಾರವಾಡದಲ್ಲಿ ಕುಳಿತು ಹಡಗು ಕಟ್ಟುವುದೆಂದರೆ ನಗುವವರಿದ್ದಾರೆ. ನಮ್ಮ ಅವಳಿ ನಗರಕ್ಕೆ ಕಡಲಿಲ್ಲ; ಕಡಲು ಕಾಣಬೇಕಾದರೆ ಘಟ್ಟ ಇಳಿದು ಕಾರವಾರಕ್ಕೋ ಕುಮಟೆಗೋ ಹೋಗಬೇಕು. ಆದರೂ ನಮ್ಮ ಸೀಮೆಗೂ ಹಾಯಿಹಡಗಿಗೂ ನಂಟಿಲ್ಲವೆನ್ನಲಾಗದು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯು ಎತ್ತುಗಳ ಬೆನ್ನೇರಿ ಘಟ್ಟ ಇಳಿದು ಕುಮಟೆಯ ಬಂದರಿಗೆ ಹೋಗಿ, ಅಲ್ಲಿಂದ ಹಾಯಿಯ ನಾವೆಗಳಲ್ಲಿ ಮುಂಬಯಿಯನ್ನು ಸೇರುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ದೊರೆಯದಂತಾದಾಗ ನಮ್ಮ ಹತ್ತಿಗೆ ಬೇಡಿಕೆ ಏರಿತು. ನಮ್ಮ ಸಭೆಗಳ ಚರಿತ್ರೆಯೂ ಹಡಗಿನಿಂದಲೇ ಆರಂಭವಾಗುತ್ತದೆ. ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನರಿಗಳು 1834ರ ಅಕ್ಟೋಬರದಲ್ಲಿ ಮಲಬಾರ ತೀರದಲ್ಲಿ ಇಳಿದು ಮಂಗಳೂರನ್ನು ಸೇರಿದರು. 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ಮಿಶನ್ ಠಾಣೆಗಳು ಆರಂಭವಾದವು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಆದ್ದರಿಂದ ಆ ಮೂವರ ಹಡಗು ಆಫ್ರಿಕಾ ಖಂಡವನ್ನು ಸುತ್ತುಹಾಕಿ ತಿಂಗಳುಗಟ್ಟಲೆ ತೇಲಿ ಬರಬೇಕಾಗಿತ್ತು. ಅಷ್ಟು ದಿನವೂ ಅವರ ಪ್ರಾಣವು ಸೆಣಬಿನ ಹಗ್ಗಗಳ ಬಿಗುವನ್ನು ಅವಲಂಬಿಸಿತ್ತು.

ನನ್ನ ಅಣ್ಣ ಮೂವತ್ತು ವರ್ಷ ಸರಕು ಹಡಗುಗಳಲ್ಲಿ ದುಡಿದು ಊರಿಗೆ ಮರಳಿದವನು. ಅವನು ಕೆಲಸ ಮಾಡಿದ್ದೆಲ್ಲ ಯಂತ್ರದ ಹಡಗುಗಳಲ್ಲಿ. ಮನಸ್ಸು ಮಾತ್ರ ಹಾಯಿಹಡಗುಗಳ ಮೇಲಿತ್ತು. ನಿವೃತ್ತಿಯ ಬಳಿಕ ಮೂರು ಕಂಬಗಳ ಹಡಗೊಂದನ್ನು ನೂರಕ್ಕೆ ಒಂದರ ಅಳತೆಯಲ್ಲಿ ಕಟ್ಟತೊಡಗಿದ. 60 ಮೀಟರಿನ ಹಡಗು ಅವನ ಮೇಜಿನ ಮೇಲೆ 60 ಸೆಂಟಿಮೀಟರಿನದಾಯಿತು. ಒಡಲು, ಕಂಬಗಳು, ಹಾಯಿ ಕಟ್ಟುವ ಅಡ್ಡಮರಗಳು ಎಲ್ಲವೂ ಸಾಗುವಾನಿಯ ಚೂರುಗಳಿಂದ ಸಿದ್ಧವಾದವು. ಹಗ್ಗದ ಕೆಲಸಕ್ಕೆ ಕೈಹಚ್ಚುವ ಹೊತ್ತಿಗೆ ಕರ್ತನು ಅವನನ್ನು ಕರೆದುಕೊಂಡನು. ಉಳಿದದ್ದು ಹಗ್ಗವಿಲ್ಲದ ಹಡಗು ಮತ್ತು ಒಂದು ನೋಟುಪುಸ್ತಕ. ಎರಡು ವರ್ಷ ಅದು ಕಿಟಕಿಯ ಬಳಿ ಬಟ್ಟೆ ಹೊದ್ದು ಕುಳಿತಿತ್ತು. ಅತ್ತಿಗೆಯೂ ಹೆಚ್ಚುಕಡಿಮೆ ಹಾಗೆಯೇ ಮೌನವಾಗಿದ್ದರು. ಒಂದು ದಿನ ಅವರೇ ನನ್ನನ್ನು ಕರೆಸಿ, "ಇದನ್ನ ಹಿಂಗ ನೋಡಕೋತ ಕೂಡೂದು ನನ್ನ ಕೈಲೆ ಆಗವಲ್ದು. ನೀವರ ಮುಗಸ್ರಿ, ಇಲ್ಲಾಂದ್ರ ಯಾರಿಗರ ಕೊಟ್ಟುಬಿಡ್ರಿ" ಎಂದರು.

ಮಾದರಿ ಹಡಗುಗಳಿಗೆಂದೇ ಇಂದು ಸಿದ್ಧವಾದ ಬಲೆಗಳು, ಪ್ಲಾಸ್ಟಿಕ್ ಏಣಿಗಳು ದೊರೆಯುತ್ತವೆ. ತಂದು ಅಂಟಿಸಿದರೆ ಒಂದೆರಡು ಸಂಜೆಯ ಕೆಲಸ. ಈ ವಿಷಯವನ್ನು ತಿಳಿಸಿದಾಗ ಅತ್ತಿಗೆ ಮಾತಾಡದೆ ಅಣ್ಣನ ನೋಟುಪುಸ್ತಕವನ್ನು ತಂದು ಮುಂದಿಟ್ಟರು. ಅದರಲ್ಲಿ ಒಂದೊಂದು ಹಗ್ಗದ ಹೆಸರು, ಅದು ಹೊರಡುವ ಜಾಗ, ಕಟ್ಟಬೇಕಾದ ಜಾಗ ಮತ್ತು ಅದರ ದಪ್ಪವನ್ನು ಅವನು ಬರೆದಿಟ್ಟಿದ್ದ. ಅದನ್ನು ಓದಿದ ಮೇಲೆ ಅಂಟಿನ ಮಾತು ಮತ್ತೆ ಬರಲಿಲ್ಲ.

ಹಳೆಯ ನಾವಿಕರು ಹಗ್ಗವನ್ನು ಅಳೆಯುತ್ತಿದ್ದುದು ಅಡ್ಡಳತೆಯಿಂದಲ್ಲ, ಸುತ್ತಳತೆಯಿಂದ. ಹತ್ತು ಇಂಚಿನ ಹಗ್ಗವೆಂದರೆ ಸುತ್ತಿ ಅಳೆದರೆ ಹತ್ತು ಇಂಚು. ಅದನ್ನು 3.14ರಿಂದ ಭಾಗಿಸಿದರೆ ಅಡ್ಡಳತೆ ಸುಮಾರು 81 ಮಿಲಿಮೀಟರ್. ನಮ್ಮ ಮಾದರಿಯಲ್ಲಿ 0.8 ಮಿಲಿಮೀಟರ್. ಒಂದೂವರೆ ಇಂಚಿನ ಸಣ್ಣ ಹಗ್ಗವು ಮಾದರಿಯಲ್ಲಿ ಕೂದಲಿಗಿಂತ ತುಸು ದಪ್ಪವಾದ ಎಳೆಯಾಗುತ್ತದೆ. ಹೀಗೆ ಹತ್ತಾರು ಗಾತ್ರಗಳು ಬೇಕು. ಅಂಗಡಿಯ ದಾರದಲ್ಲಿ ಅಷ್ಟು ಬಗೆ ಸಿಗುವುದಿಲ್ಲ. ಸಿಕ್ಕರೂ ಅದರ ಹುರಿ ಹಗ್ಗದ ಹುರಿಯಂತೆ ಕಾಣುವುದಿಲ್ಲ. ಆದ್ದರಿಂದ ಹಗ್ಗವನ್ನು ನಾವೇ ಹೊಸೆಯಬೇಕಾಯಿತು.

ಓದುಗರೇ, ಹಗ್ಗ ಹೊಸೆಯುವುದು ನಮ್ಮ ಜನಕ್ಕೆ ಹೊಸದೇನಲ್ಲ. ಪುಂಡಿಯ ಎಲೆಯನ್ನು ಪಲ್ಯಕ್ಕೆ ಬಳಸಿ, ಅದರ ಕಾಂಡದ ನಾರಿನಿಂದ ದನದ ಕಣ್ಣಿ ಹೊಸೆದ ನಾಡು ಇದು. ಹನ್ನೆರಡನೆಯ ಶತಮಾನದ ಶರಣ ನುಲಿಯ ಚಂದಯ್ಯನವರ ಕಾಯಕವೇ ಹುಲ್ಲಿನ ಹಗ್ಗ ಹೊಸೆಯುವುದಾಗಿತ್ತು. ಹಡಗಿನ ಹಗ್ಗದ ತತ್ವವೂ ಅದೇ. ಒಂದು ಹಲಗೆಗೆ ಮೂರು ಕೊಕ್ಕೆ ಸಿಕ್ಕಿಸಿ, ಮೂರೂ ಒಟ್ಟಿಗೆ ತಿರುಗುವಂತೆ ಹಲ್ಲಿನ ಗಾಲಿ ಜೋಡಿಸಿದೆವು. ಆಚೆ ತುದಿಯಲ್ಲಿ ಒಂದೇ ಕೊಕ್ಕೆ. ನಡುವೆ ಮಕ್ಕಳಾಡುವ ಮರದ ಬುಗುರಿಗೆ ಮೂರು ಗೀರು ಕೊರೆದು, ಒಂದೊಂದು ಗೀರಿನಲ್ಲಿ ಒಂದೊಂದು ಎಳೆ ಕೂಡಿಸಿದೆವು. ಮೂರು ಎಳೆಗಳಿಗೆ ಒಂದು ದಿಕ್ಕಿನಲ್ಲಿ ಹುರಿ ಏರಿದಂತೆ ಅವು ಬುಗುರಿಯ ಹಿಂದೆ ವಿರುದ್ಧ ದಿಕ್ಕಿನಲ್ಲಿ ಒಂದನ್ನೊಂದು ಹೆಣೆದುಕೊಳ್ಳುತ್ತವೆ. ಬುಗುರಿ ತಾನಾಗಿ ಮುಂದೆ ಸರಿಯುತ್ತದೆ. ಹೊಸೆದು ಮುಗಿದಾಗ ಉದ್ದದಲ್ಲಿ ಸುಮಾರು ಮೂರನೆಯ ಒಂದು ಪಾಲು ಕಡಿಮೆಯಾಗಿರುತ್ತದೆ. ಪ್ರತಿಯೊಂದು ಎಳೆಯೂ ತನ್ನ ಹುರಿ ಬಿಚ್ಚಿಕೊಳ್ಳಬೇಕೆಂದೇ ಎಳೆಯುತ್ತದೆ, ಆದರೆ ಆ ಎಳೆತವೇ ಇಡೀ ಹಗ್ಗವನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಮೂರು ಹುರಿಯ ಹಗ್ಗ ಬೇಗನೆ ಹರಿಯುವುದಿಲ್ಲವೆಂಬ ಪ್ರಸಂಗಿಯ ಮಾತನ್ನು ಎಷ್ಟೋ ವಿವಾಹಗಳಲ್ಲಿ ಕೇಳಿದ್ದೆ. ಅದು ಏಕೆ ಹರಿಯುವುದಿಲ್ಲ ಎಂಬುದನ್ನು ಆ ಬುಗುರಿ ತೋರಿಸಿಕೊಟ್ಟಿತು.

ಹಡಗಿನ ಹಗ್ಗಗಳಲ್ಲಿ ಎರಡು ವರ್ಗ. ಕಂಬವನ್ನು ಹಿಡಿದು ನಿಲ್ಲಿಸುವ ಹಗ್ಗಗಳು ಅಲುಗುವುದಿಲ್ಲ. ಮಳೆ, ಉಪ್ಪುನೀರುಗಳಿಂದ ರಕ್ಷಿಸಲು ಅವುಗಳಿಗೆ ಪೈನ್ ಮರದ ಡಾಂಬರು ಬಳಿಯುತ್ತಿದ್ದರು. ಆದ್ದರಿಂದ ಮಾದರಿಯಲ್ಲಿ ಅವು ಕಡುಕಂದು. ಹಾಯಿ ಏರಿಸುವ, ಇಳಿಸುವ, ತಿರುಗಿಸುವ ಹಗ್ಗಗಳು ರಾಟೆಗಳಲ್ಲಿ ಓಡಾಡುವಂಥವು. ಅವು ನಾರಿನ ತಿಳಿಬಣ್ಣದವು. ಮೊದಲು ನಿಲ್ಲಿಸುವ ಹಗ್ಗ, ಆಮೇಲೆ ಓಡುವ ಹಗ್ಗ. ಮೊದಲು ಕೆಳಗಿನದು, ಆಮೇಲೆ ಮೇಲಿನದು. ಈ ಕ್ರಮ ತಪ್ಪಿದರೆ ಮುಂದೆ ಬೆರಳು ತೂರಿಸಲೂ ಜಾಗವಿರುವುದಿಲ್ಲ. ಕಂಬವನ್ನು ಮುಂದಕ್ಕೆ ಎಳೆಯುವ ಹಗ್ಗವೊಂದಾದರೆ, ಎಡಬಲಗಳಲ್ಲಿ ಹಿಂದಕ್ಕೆ ಎಳೆಯುವ ಹಗ್ಗಗಳು ಹಲವು. ಬಲಗಡೆಯ ಮುಂದಿನ ಜೋಡಿ ಮೊದಲು, ಅನಂತರ ಎಡಗಡೆಯ ಜೋಡಿ, ಮತ್ತೆ ಬಲ, ಮತ್ತೆ ಎಡ, ಹೀಗೆ ಸರದಿಯಂತೆ ಕಟ್ಟುತ್ತಾ ಹೋಗಬೇಕು. ಒಂದೇ ಕಡೆ ಹೆಚ್ಚು ಬಿಗಿದರೆ ಕಂಬ ಬಾಗುತ್ತದೆ. ನೆಟ್ಟಗೆ ನಿಂತ ಕಂಬ ತನ್ನ ಬಲದಿಂದ ನಿಂತಿಲ್ಲ. ನಾಲ್ಕು ಕಡೆಯ ಎಳೆತಗಳು ಸಮನಾಗಿರುವುದರಿಂದ ನಿಂತಿದೆ.

ಈ ಪಕ್ಕದ ಹಗ್ಗಗಳ ನಡುವೆ ನಾವಿಕರು ಹತ್ತುವ ಹಗ್ಗದ ಮೆಟ್ಟಿಲುಗಳಿರುತ್ತವೆ. ನಿಜವಾದ ಹಡಗಿನಲ್ಲಿ ಮೆಟ್ಟಿಲುಗಳ ಅಂತರ ಸುಮಾರು 15 ಇಂಚು. ನಮ್ಮದರಲ್ಲಿ ನಾಲ್ಕು ಮಿಲಿಮೀಟರಿಗೂ ಕಡಿಮೆ. ಒಂದು ಬದಿಗೆ 5 ಹಗ್ಗ, 25 ಮೆಟ್ಟಿಲು ಎಂದರೆ 125 ಗಂಟು. ಮೂರು ಕಂಬಗಳಿಗೆ ಎರಡೂ ಬದಿ ಸೇರಿ 750. ನನ್ನ ಬೆರಳುಗಳಿಗೆ ಅದು ಆಗುವ ಕೆಲಸವಾಗಿರಲಿಲ್ಲ. ಆಗ ಅತ್ತಿಗೆ ಕನ್ನಡಕ ಹಾಕಿಕೊಂಡು ಕುಳಿತರು. ನಲವತ್ತು ವರ್ಷ ಇಳಕಲ್ಲ ಸೀರೆಗಳ ಮೇಲೆ ಕಸೂತಿ ಹಾಕಿದ ಕೈ ಅದು. ಗವಂತಿ, ಮುರಗಿಗಳನ್ನು ಬಟ್ಟೆಯ ಎಳೆ ಎಣಿಸಿಯೇ ಹಾಕಬೇಕು. ಅಂತರಕ್ಕೆಂದು ನಾನು ಗೆರೆ ಎಳೆದು ಕೊಟ್ಟ ರಟ್ಟನ್ನು ಅವರು ಮೂರನೆಯ ದಿನವೇ ಪಕ್ಕಕ್ಕಿಟ್ಟರು. "ಕಸೂತಿಯೊಳಗ ಗಂಟು ಬಿದ್ದರ ಬಿಚ್ಚಬೇಕ್ರಿ. ಇಲ್ಲಿ ಗಂಟs ಎಲ್ಲಾ" ಎಂದು ನಕ್ಕರು. ಅಣ್ಣ ಹೋದ ಮೇಲೆ ನಾನು ಕೇಳಿದ ಅವರ ಮೊದಲ ನಗು ಅದು. ದಿನಕ್ಕೆ ಮೂವತ್ತು ಗಂಟಿನಂತೆ ಮಳೆಗಾಲದ ಸಂಜೆಗಳು ಕಳೆದವು. ಗಂಟು ಹಾಕುತ್ತಾ ಅವರು ಅಣ್ಣನ ವಿಷಯ ಮಾತಾಡತೊಡಗಿದರು: ಅವನಿಲ್ಲದ ಕ್ರಿಸ್‌ಮಸ್‌ಗಳು, ದೂರದ ಬಂದರುಗಳಿಂದ ಬಂದ ಪತ್ರಗಳು, ಅವನು ಮನೆಗೆ ಬಂದಾಗಲೂ ರಾತ್ರಿ ಎದ್ದು ಗಾಳಿ ನೋಡುತ್ತಿದ್ದುದು.

ಧಾರವಾಡದ ಜಿಟಿಜಿಟಿ ಮಳೆಯೂ ನಮಗೆ ಪಾಠ ಕಲಿಸಿತು. ನಾರಿನ ಹಗ್ಗ ತೇವ ಹೀರಿದಾಗ ಉಬ್ಬಿ ಗಿಡ್ಡವಾಗಿ ಬಿಗಿಯುತ್ತದೆ, ಒಣಗಿದಾಗ ಸಡಿಲುತ್ತದೆ. ಅದಕ್ಕೆಂದೇ ಪ್ರತಿ ದಾರಕ್ಕೂ ಜೇನುಮೇಣ ತಿಕ್ಕಿದೆವು. ಕೊನೆಯ ಬಿಗಿತವನ್ನು ಮಳೆ ನಿಂತ ಮೇಲೆಯೇ ಕೊಟ್ಟೆವು.

ನೋಟುಪುಸ್ತಕದಲ್ಲಿ ಮೂರನೆಯ ಕಂಬದ ಪುಟಗಳು ಬರಿದಾಗಿದ್ದವು. ಅಣ್ಣ ಅಲ್ಲಿಗೆ ನಿಂತಿದ್ದ. ನಾನು ಲೇಖನಿ ಹಿಡಿದು ಯೋಚಿಸುತ್ತಿರುವಾಗ ಅತ್ತಿಗೆ ಮೊದಲಿನ ಎರಡು ಕಂಬಗಳ ಹಗ್ಗಗಳನ್ನು ಬೆರಳಿನಿಂದ ಹಿಂಬಾಲಿಸುತ್ತಾ ಹೋದರು. ಹಡಗಿನ ಅಂಚಿನಲ್ಲಿ ಗೂಟಗಳ ಸಾಲಿದೆ. ಪ್ರತಿಯೊಂದು ಹಗ್ಗಕ್ಕೂ ತನ್ನದೇ ಗೂಟ. ಕತ್ತಲ ರಾತ್ರಿಯಲ್ಲಿ, ಬಿರುಗಾಳಿಯ ನಡುವೆ, ನಾವಿಕನು ಕಣ್ಣಿನಿಂದಲ್ಲ, ಕೈಯಿಂದಲೇ ಹಗ್ಗವನ್ನು ಗುರುತಿಸಬೇಕು. ಆದ್ದರಿಂದ ಒಂದು ಕಂಬದ ಕ್ರಮವೇ ಇನ್ನೊಂದು ಕಂಬಕ್ಕೂ ಬಹುಮಟ್ಟಿಗೆ ಅನ್ವಯಿಸುತ್ತದೆ. ಎರಡು ತಿಳಿದವರಿಗೆ ಮೂರನೆಯದು ಅಸಾಧ್ಯವಲ್ಲ. ಆ ಬರಿದಾದ ಪುಟಗಳನ್ನು ಅತ್ತಿಗೆ ತಮ್ಮ ಅಕ್ಷರದಲ್ಲಿ ತುಂಬಿಸಿದರು.

ಈ ಕೆಲಸದ ನಂತರ ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯವನ್ನು ಓದಿದಾಗ ಅದು ನನಗೆ ಹಗ್ಗಗಳ ಅಧ್ಯಾಯವಾಗಿ ಕಂಡಿತು. 276 ಜನರಿದ್ದ ಹಡಗು. ಬಿರುಗಾಳಿಯಲ್ಲಿ ಒಡಲು ಬಿರಿಯದಂತೆ ಅದನ್ನು ಹಗ್ಗಗಳಿಂದ ಸುತ್ತಿ ಕಟ್ಟುತ್ತಾರೆ. ಮೂರನೆಯ ದಿನ ಹಡಗಿನ ಸಲಕರಣೆಗಳನ್ನು ತಮ್ಮ ಕೈಯಾರೆ ಸಮುದ್ರಕ್ಕೆ ಎಸೆಯುತ್ತಾರೆ. ಕಳ್ಳತನದಿಂದ ಓಡಿಹೋಗಲು ಇಳಿಸಿದ ದೋಣಿಯ ಹಗ್ಗವನ್ನು ಸಿಪಾಯಿಗಳು ಕಡಿಯುತ್ತಾರೆ. ಕಡೆಗೆ ಚುಕ್ಕಾಣಿಯ ಕಟ್ಟು ಬಿಚ್ಚಿ, ಮುಂದಿನ ಹಾಯಿ ಎತ್ತಿ ದಡದ ಕಡೆಗೆ ಸಾಗುತ್ತಾರೆ. ಯಾವ ಹಗ್ಗ ಕಟ್ಟಬೇಕು, ಯಾವುದನ್ನು ಕಡಿಯಬೇಕು, ಯಾವುದನ್ನು ಬಿಚ್ಚಬೇಕು ಎಂಬ ವಿವೇಕದಿಂದ ಅಷ್ಟೂ ಪ್ರಾಣಗಳು ಉಳಿದವು. ಹಗ್ಗದ ಕೆಲಸ ಮಾಡಿದ ಅಣ್ಣಂಥವರು ತಮ್ಮ ಇಡೀ ಆಯುಷ್ಯದಲ್ಲಿ ಕಲಿಯುವುದೂ ಇದನ್ನೇ.

ಈ ವಿದ್ಯೆ ಅಳಿದುಹೋಯಿತೆಂದು ತಿಳಿಯಬೇಡಿರಿ. ಅಜಂತಾದ ಐದನೆಯ ಶತಮಾನದ ಚಿತ್ರವೊಂದರ ಆಧಾರದ ಮೇಲೆ, ಕೇರಳದ ಬಾಬು ಶಂಕರನ್ ಅವರ ಮುಂದಾಳತ್ವದಲ್ಲಿ ಕುಶಲಿಗಳು ಗೋವೆಯಲ್ಲಿ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ‘ಕೌಂಡಿನ್ಯ’ ಎಂಬ ಹಾಯಿಹಡಗು 2025ರ ಮೇ 21ರಂದು ನಮ್ಮ ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ಅದಕ್ಕೆ ಯಂತ್ರವಿಲ್ಲ, ಗಾಳಿ ಮತ್ತು ಹಗ್ಗಗಳೇ ಗತಿ. ಅದೇ ಡಿಸೆಂಬರದ ಕೊನೆಯಲ್ಲಿ ಅದು ಪೋರಬಂದರದಿಂದ ಮಸ್ಕತ್ತಿನ ಕಡೆಗೆ ಹೊರಟ ಸುದ್ದಿಯನ್ನು ಅತ್ತಿಗೆ ಪತ್ರಿಕೆಯಿಂದ ಕತ್ತರಿಸಿ ನೋಟುಪುಸ್ತಕದಲ್ಲಿ ಅಂಟಿಸಿದ್ದಾರೆ.

ಪ್ರಿಯರೇ, ಅಗಲಿದವರು ಅರ್ಧಕ್ಕೆ ಬಿಟ್ಟುಹೋದ ಕೆಲಸವೊಂದು ನಿಮ್ಮ ಮನೆಯಲ್ಲಿಯೂ ಇರಬಹುದು: ಮುಗಿಯದ ಹೊಲಿಗೆ, ನೆಡದೆ ಉಳಿದ ತೋಟದ ಸಾಲು, ಕೊನೆಯ ಪುಟಗಳಿಲ್ಲದ ಒಂದು ಹಸ್ತಪ್ರತಿ. ಅದನ್ನು ನೋಡಿದಾಗಲೆಲ್ಲ ದುಃಖ ಮರುಕಳಿಸುತ್ತದೆಂದು ಬಟ್ಟೆ ಹೊದಿಸಿ ಇಡುವುದು ಸಹಜ. ಆದರೆ ಅವರು ಮಾಡಿ ಮುಗಿಸಿದ ಭಾಗವನ್ನು ಒಮ್ಮೆ ಗಮನವಿಟ್ಟು ಬೆರಳಿನಿಂದ ಹಿಂಬಾಲಿಸಿ ನೋಡಿರಿ. ಮುಂದಿನ ಹಗ್ಗ ಎಲ್ಲಿಗೆ ಹೋಗಬೇಕೆಂಬುದು ಅಲ್ಲಿಯೇ ಬರೆದಿರುತ್ತದೆ. ಒಬ್ಬರೇ ಆಗದಿದ್ದರೆ ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಳ್ಳಿರಿ. ದಿನಕ್ಕೆ ಮೂವತ್ತು ಗಂಟು ಸಾಕು.